ಹನ್ನೊಂದನೇ ನಂಬರಿನ ಮೊಣಕಾಲು

ಇವತ್ತು ಬೆಳಿಗ್ಗೆ ಗಲ್ಫಿನ ಈ ಊರಿನಲ್ಲಿ, ನಜ್ಮಾ ಬಡಾವಣೆಯ ನನ್ನ ಕೋಣೆಯಲ್ಲಿ, ಮೊಣಕಾಲಿಗೆ ಹಚ್ಚಿಕೊಳ್ಳಲೆಂದು ಊರಿನಿಂದ ತಂದ ನೋವಿನ ಎಣ್ಣೆಯ ಬಾಟಲಿ ತೆರೆದೆ. ಕರ್ಪೂರದ ಘಾಟು ಮೂಗಿಗೆ ಹೊಡೆದದ್ದೇ ತಡ, ಬಾಟಲಿ ಹಿಡಿದುಕೊಂಡೇ ಮಂಚದ ಮೇಲೆ ಕುಳಿತುಬಿಟ್ಟೆ. ಅದರಲ್ಲಿ ಅರ್ಧ ಖರ್ಚಾದದ್ದು ನನ್ನ ಕಾಲಿಗಲ್ಲ, ಟೆರೆನ್ಸನ ಕಾಲಿಗೆ.

ಟೆರೆನ್ಸ್ ಯಾರೆಂದು ಹೇಳುವ ಮೊದಲು ನಾನು ಯಾರೆಂದು ಹೇಳಬೇಕಲ್ಲ. ಇಲ್ಲಿನ ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆಬರೆ ನೋಡಿಕೊಳ್ಳುವವನು. ಆಟದ ವಿಷಯ ಮಾತ್ರ ಕೇಳಬೇಡಿ. ತಳವಿಲ್ಲದ ಬುಟ್ಟಿಗೆ ಚೆಂಡು ಹಾಕಲು ಇಷ್ಟೆತ್ತರದ ಗಂಡಸರು ಯಾಕೆ ಬಡಿದಾಡುತ್ತಾರೆಂದು ಮೊದಲ ವರ್ಷವಿಡೀ ತಲೆ ಕೆಡಿಸಿಕೊಂಡಿದ್ದೆ. ಆದರೆ ಯಾರಿಗೆ ಎಡಗಾಲಿನ ಸಾಕ್ಸ್ ಮೊದಲು ಕೊಡಬೇಕು, ಗೆದ್ದ ದಿನದ ಟವೆಲನ್ನು ಯಾರು ತೊಳೆಯಲು ಬಿಡುವುದಿಲ್ಲ ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ.

ಟೆರೆನ್ಸ್ ಅಮೆರಿಕದವನು. ಒಂದು ಸೀಸನ್ನಿನ ಮಟ್ಟಿಗೆ ಕರಾರಿನ ಮೇಲೆ ಬಂದಿದ್ದ. ನಂಬರು ಹನ್ನೊಂದು, ಶೂ ನೋಡಿದರೆ ಅದರಲ್ಲಿ ಒಂದು ಮಗುವನ್ನು ಮಲಗಿಸಬಹುದಿತ್ತು. ತಂಡದ ಬಸ್ಸಿನ ಡ್ರೈವರ್ ಅಬ್ಬಾಸ್, ಬಂಟ್ವಾಳದವನು, ಅವನಿಗೆ ನನ್ನನ್ನು ‘ಅಂಕಲ್’ ಎನ್ನಲು ಕಲಿಸಿದ್ದ. ಆ ವರ್ಷ ತಂಡ ಗೆಲ್ಲುತ್ತಲೇ ಇತ್ತು. ಒಂದು ದಿನ ಟೆರೆನ್ಸ್ ಮೊಬೈಲಿನಲ್ಲಿ ಇಲ್ಲೇ ಪಕ್ಕದ ಅಲ್ ರಯ್ಯಾನಿನ ಒಂದು ಫ್ಲ್ಯಾಟಿನ ಚಿತ್ರ ತೋರಿಸಿದ. “ಸೀಸನ್ ಪೂರ್ತಿ ಆಡಿದರೆ ಮುಂದಿನ ವರ್ಷವೂ ಇಲ್ಲೇ, ಅಂಕಲ್. ಹೆಂಡತಿ, ಮಗಳನ್ನು ಕರೆಸುತ್ತೇನೆ.” ಅಡುಗೆಮನೆ ದೊಡ್ಡದಿದೆ ಎಂದೆ. ನನಗೆ ಮೊದಲು ಕಾಣುವುದು ಅಂಥದ್ದೇ.

ಆಮೇಲೆ ಅವನು ಎಲ್ಲರೂ ಹೋಗುವವರೆಗೆ ಕಾದು ಐಸ್ ಕೇಳತೊಡಗಿದ. ನೋಡಿದರೆ ಬಲ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಎಣ್ಣೆ ತಿಕ್ಕಿಕೊಟ್ಟೆ. “ಯಾರಿಗೂ ಹೇಳಬೇಡಿ” ಎಂದ. ಸಂಕೋಚ ಎಂದುಕೊಂಡೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಒಂದು ಕಂಪನಿಯ ಸ್ಟೋರಿನಲ್ಲಿ ಹನ್ನೆರಡು ವರ್ಷ ಇದ್ದೆ. ಅಲ್ಲಿ ನಮ್ಮವರಲ್ಲಿ ಒಂದು ರೂಢಿ. ರಜೆ ಕೇಳಲು ನಾಚುವವನ ಪರವಾಗಿ ಇನ್ನೊಬ್ಬ ಹೋಗಿ ಬಾಸ್ ಹತ್ತಿರ ಒಂದು ಮಾತು ಹಾಕುವುದು. ಹೀಗೆ ಎಷ್ಟೋ ಜನರಿಗೆ ಸಿಕ್ ಲೀವ್ ಕೊಡಿಸಿದವನು ನಾನು. ಅದರ ಜಂಬವೂ ಇತ್ತು. ಹಾಗಾಗಿ ಮ್ಯಾನೇಜರ್ “ಐಸ್ ಎಲ್ಲ ಎಲ್ಲಿ ಹೋಗುತ್ತಿದೆ?” ಎಂದಾಗ, ಕೇಳದಿದ್ದದ್ದನ್ನೂ ಹೇಳಿದೆ. “ಪಾಪ ಸಾರ್, ಟೆರೆನ್ಸನ ಕಾಲು ಊದಿದೆ. ಎರಡು ದಿನ ರಜೆ ಕೊಟ್ಟುಬಿಡಿ.” ಅವರು ನನ್ನ ಬೆನ್ನು ತಟ್ಟಿದರು.

ಆವತ್ತೇ ಅವನನ್ನು ಡಾಕ್ಟರರಿಗೆ ತೋರಿಸಿದರಂತೆ. ಮಾರನೆಯ ಮಧ್ಯಾಹ್ನ ನಾನು ಎಂದಿನಂತೆ ಜರ್ಸಿಗಳನ್ನು ಕೊಕ್ಕೆಗೆ ಹಾಕುತ್ತಿದ್ದೆ. ಮ್ಯಾನೇಜರ್ ಬಾಗಿಲಲ್ಲೇ ನಿಂತು, “ಹನ್ನೊಂದು ಬೇಡ. ಖಲಾಸ್” ಎಂದರು. ಜರ್ಸಿ ನನ್ನ ಕೈಯಲ್ಲೇ ಉಳಿಯಿತು. ಹಿಂದೆಯೇ ಟೆರೆನ್ಸ್ ಬಂದು ಕಪಾಟು ಖಾಲಿ ಮಾಡಿದ. ಹೋಗುವಾಗ ಬಗ್ಗಿ ನನ್ನನ್ನು ತಬ್ಬಿಕೊಂಡು, “ಇಲ್ಲಿ ನನ್ನನ್ನು ನೋಡಿಕೊಂಡವರು ನೀವೊಬ್ಬರೇ” ಎಂದ.

ಅವನನ್ನು ಏರ್‌ಪೋರ್ಟಿಗೆ ಬಿಟ್ಟುಬಂದ ಅಬ್ಬಾಸ್ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ.

“ಕಾಲು ನೋವಿನ ಸುದ್ದಿ ಹೇಳಿದ್ದು ನೀವಾ ಅಣ್ಣ?”

“ರಜೆ ಕೊಡ್ಲಿ ಅಂತ ಹೇಳಿದ್ದು ಮಾರಾಯ.”

“ಎಂತ ರಜೆ? ಇದೆಂತ ನಿಮ್ಮ ಸ್ಟೋರಾ? ಹೊರದೇಶದವರಿಗೆ ತಂಡದಲ್ಲಿ ಇರುವುದೇ ಬೆರಳೆಣಿಕೆಯ ಜಾಗ. ಒಬ್ಬನಿಗೆ ಆಡ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಾದ್ರೆ ಅವನ ಜಾಗಕ್ಕೆ ಇನ್ನೊಬ್ಬನಿಗೆ ಟಿಕೆಟ್. ಅವ ಬಚ್ಚಿಟ್ಟದ್ದು ಸುಮ್ನೆಯಾ?”

ಹೊರಗೆ ಆ ಬಿಸಿಲು. ನನಗೆ ಐಸಿನ ಚೀಲವನ್ನೇ ಎದೆಯ ಮೇಲಿಟ್ಟ ಹಾಗೆ.

ಮೂರೇ ದಿನದಲ್ಲಿ ಹೊಸಬ ಬಂದ. ಹನ್ನೊಂದನೇ ನಂಬರಿನ ಜರ್ಸಿಯ ಮೇಲಿಂದ ಟೆರೆನ್ಸನ ಹೆಸರು ಕಿತ್ತು ಹೊಸ ಹೆಸರು ಅಂಟಿಸಿದ್ದು ನಾನೇ. ಕಪ್ ಗೆದ್ದೆವು. ಫೋಟೋದಲ್ಲಿ ಮೂಲೆಯಲ್ಲಿ ನಾನಿದ್ದೇನೆ. ಎಲ್ಲರೂ ನಗುತ್ತಿದ್ದಾರೆ, ನಾನು ಮಾತ್ರ ಏನನ್ನೋ ಕಳೆದುಕೊಂಡವನ ಹಾಗೆ ನೆಲ ನೋಡುತ್ತಿದ್ದೇನೆ.

ಈ ಸೀಸನ್ನಿನಲ್ಲಿ ಏಳನೇ ನಂಬರಿನವನು ಐಸ್ ಕೇಳಲು ಎಲ್ಲರೂ ಹೋಗುವವರೆಗೆ ಕಾಯುತ್ತಿದ್ದಾನೆ. “ಡಾಕ್ಟರಿಗೆ ಹೇಳುವುದೋ ಬಿಡುವುದೋ, ಬಾಯಿ ನಿನ್ನದು” ಎಂದೆ. ಭಾನುವಾರದ ಆಟ ಮುಗಿಸಿ ತಾನೇ ಹೇಳುತ್ತಾನಂತೆ. ನಿನ್ನೆ ಮ್ಯಾನೇಜರ್ ಖಾಲಿ ಐಸ್ ಪೆಟ್ಟಿಗೆ ಬಡಿದು, “ಮತ್ತೆ ಯಾರು?” ಎಂದರು.

“ನಾನೇ ಸಾರ್. ವಯಸ್ಸಾಯಿತು, ಗಂಟು ನೋವು.”

ಅವರು ಎಣ್ಣೆಯ ವಾಸನೆ ಹುಡುಕುವವರ ಹಾಗೆ ಮೂಗು ಅರಳಿಸಿ ನನ್ನನ್ನೊಮ್ಮೆ ನೋಡಿದರು. ಅದಕ್ಕೇ ಇವತ್ತು ಪ್ಯಾಂಟ್ ಮಡಚಿ, ಎರಡೂ ಮೊಣಕಾಲಿಗೆ ಧಾರಾಳವಾಗಿ ಎಣ್ಣೆ ತಿಕ್ಕಿಕೊಂಡು ಬಸ್ಸಿಗೆ ಹೊರಟಿದ್ದೇನೆ. ನಿಮ್ಮ ಹತ್ತಿರ ಹೇಳಲಿಕ್ಕೇನು? ನನ್ನ ಮೊಣಕಾಲಿಗೆ ಏನೂ ಆಗಿಲ್ಲ.