ಗೋಡೆಗೆ ಕೊಡು

ಗಂಗಾಮಣಿಯ ಸಿಟ್ಟು ಹೆತ್ತೂರು ಬಸ್ಸಿನ ಕಂಡಕ್ಟರನಿಗೂ ಗೊತ್ತಿತ್ತು. ಸಕಲೇಶಪುರದಲ್ಲಿ ಅವಳು ಹಾಕಿ ಸ್ಟಿಕ್ಕುಗಳ ಕಟ್ಟು ಹೊತ್ತು ಬಸ್ ಹತ್ತಿದರೆ ಆತ ಬೇರೆ ಕಡೆ ಮುಖ ತಿರುಗಿಸಿ ಚಿಲ್ಲರೆ ಎಣಿಸುತ್ತ ನಿಂತುಬಿಡುತ್ತಿದ್ದ. ಹಿಂದೊಮ್ಮೆ ಬಾಯಿ ತಪ್ಪಿ ಲಗೇಜ್ ಟಿಕೆಟ್ ಕೇಳಿದ್ದ. "ಕೋಳಿ ಪುಕ್ಕಟೆ ಬತ್ತದೆ, ಮೀನಿನ ಬುಟ್ಟಿ ಪುಕ್ಕಟೆ ಬತ್ತದೆ, ಹೆಣ್ಮಕ್ಕಳು ಆಡೋ ಕೋಲಿಗೆ ಟಿಕೆಟ್ಟೇನ್ರೀ?" ಎಂದು ಶುರುಮಾಡಿದವಳು ಇಳಿಯುವ ಸ್ಟಾಪಿನವರೆಗೂ ಬಾಯಿ ಮುಚ್ಚಿರಲಿಲ್ಲ.

ಆಲೂರು ಕಡೆಯ ರೈತರ ಮನೆಯ ಹುಡುಗಿ. ಕಾಲೇಜಿನಲ್ಲಿ ಹಾಕಿ ಆಡಿದ್ದಳು. ಪಿ.ಟಿ. ಟೀಚರಾಗಿ ಹೆತ್ತೂರು ಹೋಬಳಿಯ ಹೈಸ್ಕೂಲಿಗೆ ಬಂದ ದಿನ ಮೈದಾನ ಎಲ್ಲಿ ಸಾರ್ ಎಂದು ಕೇಳಿದಳು. ಹೆಡ್‌ಮಾಸ್ಟರ್ ದ್ಯಾವಯ್ಯನವರು ಕುಳಿತಲ್ಲಿಂದಲೇ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಮಳೆ ಕಾಣುತ್ತಿತ್ತು, ಮೈದಾನ ಕಾಣುತ್ತಿರಲಿಲ್ಲ. ಜೂನಿನಲ್ಲಿ ಕೆಸರಾದ ನೆಲ ಮತ್ತೆ ಕಾಲಿಡುವ ಹಾಗೆ ಆಗುವುದು ದೀಪಾವಳಿಯ ಹೊತ್ತಿಗೆ. ತಾಲ್ಲೂಕು ಪಂದ್ಯ ಮಾತ್ರ ಸೆಪ್ಟೆಂಬರಿನಲ್ಲಿ. ಇದನ್ನು ಗೊತ್ತುಮಾಡಿದ ಪುಣ್ಯಾತ್ಮ ಯಾರೋ, ಅವನು ಒಂದು ಮಳೆಗಾಲವನ್ನೂ ಈ ಕಡೆ ಕಳೆದವನಲ್ಲ ಎಂದು ಗಂಗಾಮಣಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಯಾರೂ ಟೀ ಲೋಟದಿಂದ ತಲೆ ಎತ್ತಲಿಲ್ಲ. ಆ ಸ್ಕೂಲಿನಿಂದ ಹಾಕಿಗೆ ಯಾರೂ ಹೋದವರೇ ಇರಲಿಲ್ಲ.

ತೊಂಬತ್ತೆಂಟರ ಜೂನಿನಲ್ಲಿ ಅವಳು ನೇರವಾಗಿ ಪ್ಲಾಂಟರ್ ರವಿಚಂದ್ರರ ಮನೆಗೆ ಹೋದಳು. ಸ್ಕೂಲಿನ ಪಕ್ಕದಲ್ಲೇ ಅವರ ಎಸ್ಟೇಟು, ರಸ್ತೆಗೆ ತಾಗಿದಂತೆ ಕಾಫಿ ಸ್ಟೋರು. ಕೊಯ್ದು ಒಣಗಿಸಿದ ಕಾಫಿ ಬೇಸಿಗೆಯಲ್ಲೇ ಮಾರಾಟವಾಗಿ ಹೋದ ಮೇಲೆ ಮಳೆಗಾಲವಿಡೀ ಅದು ಖಾಲಿ. ನುಣ್ಣನೆ ಸಿಮೆಂಟ್ ನೆಲ, ಮೇಲೆ ಶೀಟು, ನಾಲ್ಕೂ ಕಡೆ ಗಟ್ಟಿ ಗೋಡೆ. ರವಿಚಂದ್ರ ಒಳ್ಳೆಯ ಮಾತಿನ ಮನುಷ್ಯ. "ನಮ್ ಚೈತ್ರಾನೂ ಆಡ್ತಾಳಲ್ಲ ಮೇಡಮ್ಮೋರೆ. ಸುಮ್ನೆ ಬಿದ್ದೈತೆ, ತಗೊಳ್ಳಿ," ಎಂದರು. ಮಗಳು ಚೈತ್ರಶ್ರೀಯನ್ನು ದೂರದ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅವಳು ಅಲ್ಲಿ ಅತ್ತೂ ಅತ್ತೂ ಜ್ವರ ಬರಿಸಿಕೊಂಡು ವಾಪಸ್ ಬಂದು, ಊರಿನ ಹೈಸ್ಕೂಲಿನಲ್ಲಿ ನಗುನಗುತ್ತ ಹತ್ತನೇ ಕ್ಲಾಸು ಓದುತ್ತಿದ್ದಳು. ಹೊಡೆತ ಜೋರು. ಅದೇ ಕ್ಲಾಸಿನ ಶೀಲಾ ಎಸ್ಟೇಟಿನ ಕೂಲಿಯಾಳುಗಳ ಮನೆಸಾಲು, ಲೈನಿನಲ್ಲಿ ಇರುವ ಚಲುವಯ್ಯನ ಮಗಳು. ಮಾತು ಕಡಿಮೆ, ಕಾಲು ಚುರುಕು.

ಮಳೆ ಶೀಟಿನ ಮೇಲೆ ಬೀಳತೊಡಗಿದರೆ ಸ್ಟೋರಿನೊಳಗೆ ಪಕ್ಕದವಳ ಮಾತೂ ಕೇಳದು. ಉದ್ದದ ಮಾತು ದಂಡ. ಹಾಗಾಗಿ ಗಂಗಾಮಣಿ ಒಂದೇ ಪದ ಹಿಡಿದಳು. ಎದುರಿಗೆ ಯಾರಾದರೂ ಅಡ್ಡ ಬಂದರೆ ಬಾಲನ್ನು ಪಕ್ಕದ ಗೋಡೆಗೆ ಹೊಡಿ, ಅವಳನ್ನು ದಾಟಿ ಓಡು, ಗೋಡೆ ಬಾಲನ್ನು ನಿನಗೇ ವಾಪಸ್ ಕೊಡುತ್ತದೆ. "ಗೋಡೆ! ಗೋಡೆಗೆ ಕೊಡೇ!" ಎಂದು ಅವಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಹುಡುಗಿಯರೂ ಅದನ್ನೇ ಕಲಿತರು. ಜುಲೈ ಮುಗಿಯುವ ಹೊತ್ತಿಗೆ ಆ ಸ್ಟೋರಿನಲ್ಲಿ ಅವರ ಆಟ ನೋಡುವಂತಿತ್ತು. ಗಂಗಾಮಣಿಗೆ ಒಳಗೊಳಗೇ ಹೆಮ್ಮೆ. ಹೊರಗೆ ಬೈಗುಳ.

ಆಗಸ್ಟಿನಲ್ಲಿ ಯಸಳೂರಿನವರ ಜೊತೆ ಒಂದು ಸ್ನೇಹದ ಪಂದ್ಯ. ಮಳೆ ಬಿಟ್ಟಿತ್ತು, ಬಯಲು ಮೈದಾನ. ಸೀಟಿ ಊದಿದ ಕೂಡಲೇ ಚೈತ್ರಶ್ರೀ ಬಾಲನ್ನು ಪಕ್ಕಕ್ಕೆ ಬಲವಾಗಿ ಹೊಡೆದು, ಎದುರಾಳಿಯನ್ನು ದಾಟಿ ಓಡಿ, ಸ್ಟಿಕ್ ನೆಲಕ್ಕಿಟ್ಟು ಕಾದಳು. ಬಾಲು ಗೆರೆ ದಾಟಿ, ಬೇಲಿ ನುಸುಳಿ, ಯಾರದೋ ಶುಂಠಿ ಮಡಿಯಲ್ಲಿ ಹೋಗಿ ಕೂತಿತು. ಆಮೇಲೆ ಇನ್ನೊಬ್ಬಳು ಹೊಡೆದಳು. ಅದೂ ಶುಂಠಿಗೆ. ಅಭ್ಯಾಸ ಕೈಗೆ ಹತ್ತಿಬಿಟ್ಟಿತ್ತು. ನೋಡುತ್ತಿದ್ದ ಜನ ಹೊಟ್ಟೆ ಹಿಡಿದು ನಕ್ಕರು. ಪ್ರತಿ ಸಲ ಬೇಲಿ ನುಸುಳಿ ಬಾಲು ತಂದವಳು ಶೀಲಾ ಒಬ್ಬಳೇ.

ವಾಪಸ್ ಬರುವಾಗ ಗಂಗಾಮಣಿ ಬಸ್ಸಿನ ಹಿಂದಿನ ಸೀಟಿನಲ್ಲಿ ಹುಡುಗಿಯರನ್ನು ಸಾಲಾಗಿ ಕೂರಿಸಿಕೊಂಡು ಬಾಯಿಗೆ ಬಂದಂತೆ ಬೈದಳು. "ತಲೇಲಿ ಏನೈತ್ರೇ, ಕಾಫಿ ಸಿಪ್ಪೆನಾ? ಮಾನ ಕಳೆದ್ರಲ್ಲ!"

ಎಲ್ಲರೂ ಅಳುಮುಖ ಮಾಡಿದಾಗ ಶೀಲಾ ಮೆಲ್ಲಗೆ ಹೇಳಿದಳು: "ಅಲ್ಲಿ ಗೋಡೆನೇ ಇರ್ಲಿಲ್ವಲ್ಲ ಮೇಡಂ."

ಯಾರೋ ಕಿಸಕ್ಕೆಂದರು. ಗಂಗಾಮಣಿ ನಗಲಿಲ್ಲ. ಗೋಡೆಗೆ ಕೊಡಿ ಎಂದು ಎರಡು ತಿಂಗಳು ಅರಚಿದವಳು ತಾನೇ ಅಲ್ಲವೇ ಎಂದು ಮೈಯೆಲ್ಲ ಉರಿಯಿತು. ಇಳಿಯುವ ಮೊದಲು ಶೀಲಾಳ ಭುಜ ಹಿಡಿದು, "ನಾಳೆಯಿಂದ ನೀನೇ ಗೋಡೆ ಕಣೆ," ಎಂದಳು.

ಹಾಗೆ ಶೀಲಾ ಗೋಡೆಯಾದಳು. ಗೆರೆಯ ಗುಂಟ ಓಡುತ್ತಿರಬೇಕು, ಬಂದ ಬಾಲನ್ನು ನಿಲ್ಲಿಸದೆ ಓಡುವವಳ ಮುಂದಕ್ಕೆ ತಿರುಗಿಸಿ ಕೊಡಬೇಕು. ಕೇಳಲು ಸುಲಭ. ಆದರೆ ಬಾಲು ಎಲ್ಲಿಗೆ ಬರುತ್ತದೆ ಎಂದು ಹೊಡೆಯುವವಳಿಗಿಂತ ಮೊದಲೇ ತಿಳಿದಿರಬೇಕು. ಶೀಲಾಳಿಗೆ ಅದು ತಿಳಿಯುತ್ತಿತ್ತು. ಸ್ಕೂಲಿನ ಕೆಸರಲ್ಲೂ ತಿಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥ ಒಬ್ಬಳನ್ನು ತಾನು ನೋಡಿಲ್ಲ ಎಂದು ಗಂಗಾಮಣಿಗೆ ಖಾತ್ರಿಯಾಯಿತು. ಹಾಸನದ ಒಂದು ಕ್ರೀಡಾ ಹಾಸ್ಟೆಲಿನವರು ತಾಲ್ಲೂಕು ಪಂದ್ಯ ನೋಡಿ ಒಬ್ಬ ಹುಡುಗಿಯನ್ನು ಆರಿಸುತ್ತಾರೆ, ಹತ್ತನೇ ಕ್ಲಾಸು ಮುಗಿದ ಮೇಲೆ ಊಟ, ಬಟ್ಟೆ, ಕಾಲೇಜು ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂಬ ಸುದ್ದಿ ಇತ್ತು. ಗಂಗಾಮಣಿ ಲೈನಿಗೆ ಹೋಗಿ ಶೀಲಾಳ ತಾಯಿ ಕೆಂಚಮ್ಮನಿಗೆ ಅದನ್ನು ಹೇಳಿಬಂದಳು. ಕೆಂಚಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ, "ನಮ್ ಮನೇಲಿ ಒಬ್ರಾದ್ರೂ ಮಳೇಲಿ ನೆನೀದಂಗೆ ದುಡ್ಕಂಡ್ ತಿನ್ಲಿ ಮೇಡಂ," ಎಂದಳು. ಅಂದಿನಿಂದ ಗಂಗಾಮಣಿಗೆ ಕಪ್ಪು ಬೇಡ, ಶೀಲ್ಡು ಬೇಡ, ಆ ಒಂದು ಸೀಟು ಬೇಕಾಗಿತ್ತು.

ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಅವರ ಹುಡುಗಿಯರು ಫೈನಲ್ ಗೆದ್ದರು. ಎರಡೂ ಗೋಲು ಚೈತ್ರಶ್ರೀಯದು, ಎರಡಕ್ಕೂ ಬಾಲು ಕೊಟ್ಟಿದ್ದು ಶೀಲಾ. ಚೈತ್ರಶ್ರೀ "ಗೋಡೆ!" ಎಂದು ಕೂಗಿ ಕಣ್ಣುಮುಚ್ಚಿ ಹೊಡೆದರೂ ಬಾಲು ಅವಳ ಸ್ಟಿಕ್ಕಿಗೇ ಬರುತ್ತಿತ್ತು. ಪೇಟೆಯ ಹುಡುಗಿಯರು ಸುಸ್ತು ಹೊಡೆದು ಸೊಂಟಕ್ಕೆ ಕೈ ಇಟ್ಟು ನಿಂತರು. ಹಾಸನದಿಂದ ಬಂದಿದ್ದ ಕೋಚು ಮಧ್ಯಾಹ್ನ ರವಿಚಂದ್ರರ ನೆಂಟರ ಮನೆಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಮೆಲ್ಲುತ್ತ ಕುರ್ಚಿಯಲ್ಲಿ ಕುಳಿತಿದ್ದರು. ಕೊನೆಗೆ ಎದ್ದು ಚೈತ್ರಶ್ರೀಯ ಹೆಸರು ಹೇಳಿದರು.

ಗಂಗಾಮಣಿ ಅವರ ಎದುರಿಗೆ ಹೋಗಿ ನಿಂತಳು. "ಸಾರ್, ಗೋಡೆ ಆಡಿದ ಹುಡುಗಿನ ನೋಡಿದ್ರಾ?"

"ಯಾವ ಗೋಡೆ?"

"ಗೆರೆ ಪಕ್ಕ ಓಡ್ತಿದ್ಲಲ್ಲ, ಶೀಲಾ ಅಂತ."

"ಓ, ಅವ್ಳಾ. ಎಷ್ಟು ಗೋಲ್ ಹೊಡೆದ್ಲು ಮೇಡಂ?"

"ಹೊಡೆಸಿದ್ಲು ಸಾರ್! ಕಣ್ಣು ಎಲ್ಲಿ ಇಟ್ಕೊಂಡಿದ್ರಿ? ಬಾಳೆ ಎಲೆ ಮೇಲಾ?"

ದ್ಯಾವಯ್ಯನವರು ಅವಳ ತೋಳು ಹಿಡಿದು ಈಚೆಗೆ ಎಳೆದುಕೊಂಡು ಬಂದರು. ರವಿಚಂದ್ರರಿಗೆ ಬೇಸರವೇನೂ ಆಗಲಿಲ್ಲ. ಗೆದ್ದವರಿಗೆ ಬೇಸರ ಯಾಕಾಗುತ್ತದೆ? ಚೈತ್ರಶ್ರೀ ಮಾತ್ರ ಅಪ್ಪನ ಜೀಪು ಹತ್ತುವ ಮೊದಲು ಹತ್ತಿರ ಬಂದು, "ನಂಗೆ ಹಾಸ್ಟೆಲ್ ಬೇಡ, ಶೀಲಾನ ಕಳ್ಸಿ ಅಂತ ಅಪ್ಪಂಗೆ ಹೇಳ್ದೆ ಮೇಡಂ," ಎಂದಳು. ಹುಡುಗಿ ಸುಳ್ಳು ಹೇಳುವವಳಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಾಗದೆ ಗಂಗಾಮಣಿಗೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ವಾರ ಅದೇ ಸ್ಟೋರಿನಲ್ಲಿ ಸನ್ಮಾನ. ರವಿಚಂದ್ರ ಒಬ್ಬೊಬ್ಬ ಹುಡುಗಿಯನ್ನೂ ಕರೆದು ಪರಿಚಯ ಮಾಡಿಸಿದರು. ಶೀಲಾಳ ಸರದಿ ಬಂದಾಗ ಬೆನ್ನು ತಟ್ಟಿ, "ಇವ್ಳು ನಮ್ ಚಲುವಯ್ಯನ ಮಗ್ಳು. ಟೀಮಿನ ಗೋಡೆ!" ಎಂದರು. ಎಲ್ಲರೂ ನಕ್ಕರು. ಚಲುವಯ್ಯನೂ ಹಿಂದೆ ನಿಂತು ಕೈಮುಗಿದು ನಕ್ಕ. ಸಾಹುಕಾರರ ಬಾಯಲ್ಲಿ ಮಗಳ ಮಾತು ಬಂದದ್ದೇ ಅವನಿಗೆ ದೊಡ್ಡದು. ಗಂಗಾಮಣಿಗೆ ಹೊದಿಸಿದ ಶಾಲು ಚುಚ್ಚುತ್ತಿತ್ತು. ಅದನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೊರಟುಬಂದಳು.

ಮರುವರ್ಷ ಜೂನಿನಲ್ಲಿ ಚೈತ್ರಶ್ರೀ ಹಾಸನಕ್ಕೆ ಹೋದಳು, ತಿಂಗಳು ತುಂಬುವ ಮೊದಲೇ ವಾಪಸ್ ಬಂದಳು. ಅತ್ತಿದ್ದಾಳೆ, ಊಟ ಬಿಟ್ಟಿದ್ದಾಳೆ, ಜ್ವರ ಬರಿಸಿಕೊಂಡಿದ್ದಾಳೆ. ಕಾನ್ವೆಂಟಿನಲ್ಲಿ ಆದದ್ದೇ ಇಲ್ಲಿಯೂ. ಇದು ಅವರಪ್ಪನಿಗೆ ಗೊತ್ತಿರಲಿಲ್ಲವೇ? ಗಂಗಾಮಣಿ ಸುದ್ದಿ ಕೇಳಿದ ದಿನವೇ ಹಾಸನದ ಬಸ್ಸು ಹತ್ತಿದಳು. ಹಾಸ್ಟೆಲಿನಲ್ಲಿ ಅದೇ ಕೋಚು, ಅದೇ ಎಲೆ ಅಡಿಕೆ. "ಈ ವರ್ಷದ್ದು ಮುಗ್ದು ಹೋಯ್ತು ಮೇಡಂ. ಖಾಲಿ ಆದ ಸೀಟು ಖಾಲೀನೇ. ರೂಲ್ಸು," ಎಂದರು. ಮಂಚ ಖಾಲಿ, ತಟ್ಟೆ ಖಾಲಿ, ಆದರೂ ಒಬ್ಬ ಹುಡುಗಿಗೆ ಜಾಗವಿಲ್ಲ. ಇಂಥ ರೂಲ್ಸಿಗೆ ಬೆಂಕಿ ಹಾಕ ಎಂದು ಅವರ ಮುಖದ ಮೇಲೆಯೇ ಅಂದು ಬಂದಳು.

ಸೋಲು ಒಪ್ಪುವ ಹೆಂಗಸಲ್ಲ. ಮಾರನೇ ದಿನ ಸ್ಕೂಲು ಬಿಟ್ಟ ಮೇಲೆ ಕೊಡೆ ಹಿಡಿದು ತೋಟದೊಳಕ್ಕೆ ಹೋದಳು. ಶೀಲಾ ಹತ್ತನೇ ಕ್ಲಾಸು ಪಾಸಾಗಿ, ಮುಂದೆ ಓದಿಸುವವರಿಲ್ಲದೆ ತೋಟದ ಕೆಲಸಕ್ಕೆ ಸೇರಿದ್ದಳು. ಗಿಡಗಳ ನಡುವೆ ಎಲ್ಲಿದ್ದಾಳೆಂದು ಹುಡುಕುತ್ತಿರುವಾಗ ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸುವ ರೈಟರ್ ರಾಜೇಶನ ಗಂಟಲು ಕೇಳಿತು.

"ಏ ಗೋಡೆ! ಆ ಸಾಲು ಬಿಟ್ಟು ಈ ಸಾಲಿಗೆ ಬಾರೇ, ಗೋಡೆ!"

ಗಂಗಾಮಣಿ ನಿಂತಲ್ಲೇ ನಿಂತಳು. ತಾನು ಆಟಕ್ಕೆ ಕಟ್ಟಿದ ಪದ. ಮೈದಾನದಲ್ಲಿ ಅದನ್ನು ಕೂಗಿದರೆ ಹನ್ನೊಂದು ಹುಡುಗಿಯರಿಗೆ ಧೈರ್ಯ ಬರುತ್ತಿತ್ತು. ಇಲ್ಲಿ ಅದು ಎಮ್ಮೆ ಹೊಡೆಯುವ ಕೂಗಾಗಿತ್ತು. ಮಳೆಗೆ ತಲೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕೈಯಲ್ಲಿ ಗಿಡ ಸವರುವ ಕತ್ತಿ ಹಿಡಿದು ಶೀಲಾ ಈಚೆಗೆ ಬಂದಳು.

"ಮುಂದಿನ ವರ್ಷ ಮತ್ತೆ ಆರಿಸ್ತಾರೆ ಕಣೆ," ಎಂದಳು ಗಂಗಾಮಣಿ. "ನಾನೇ ಹಾಸನಕ್ಕೆ ಕರ್ಕೊಂಡ್ ಹೋಗಿ ನಿನ್ ಆಟ ತೋರಿಸ್ತೀನಿ. ಸಾಯಂಕಾಲ ಬಂದು ಆಡು. ಬಿಡಬೇಡ."

ಶೀಲಾ ಕತ್ತಿಯ ಅಂಚನ್ನು ಬೆರಳಿನಿಂದ ಒರೆಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಗೋಡೆ ಎಲ್ಲಿಗಾದ್ರೂ ಹೋಯ್ತದಾ ಮೇಡಂ?" ಎಂದು ಹೇಳಿ ಸಾಲಿಗೆ ಹಿಂತಿರುಗಿದಳು.

ಗಂಗಾಮಣಿ ಆ ದಿನ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಕೋಚನ್ನು ಬೈಯಬಹುದು, ಸಾಹುಕಾರರನ್ನು ಬೈಯಬಹುದು. ಆ ಹೆಸರು ಇಟ್ಟವಳನ್ನು ಯಾರು ಬೈಯಬೇಕು? ಸ್ಟೋರು ಬೇಡವೆಂದು ರವಿಚಂದ್ರರ ಮುಖಕ್ಕೆ ಹೇಳಿಬಿಡೋಣ ಅನಿಸಿತು. ಆದರೆ ಹೊರಗೆ ಮಳೆ, ಒಳಗೆ ಹೊಸ ಹುಡುಗಿಯರು. ಹಲ್ಲು ಕಚ್ಚಿಕೊಂಡು ಸ್ಟೋರಿಗೆ ಹೋದಳು. ಒಂದನ್ನು ಮಾತ್ರ ಮಾಡಿದಳು. "ಗೋಡೆ ಅನ್ನೋ ಮಾತು ಇನ್ಮೇಲೆ ಯಾರ ಬಾಯಲ್ಲೂ ಬರಬಾರದು. ಬಂದ್ರೆ ಹತ್ತು ರೌಂಡ್ ಓಡಿಸ್ತೀನಿ. ಗೆರೆ ಪಕ್ಕ ಆಡೋಳ ಹೆಸರು ಶೀಲಾ. ಯಾರೇ ಆಡ್ಲಿ, ಆ ಜಾಗದ ಹೆಸರು ಶೀಲಾ," ಎಂದಳು. ಹುಡುಗಿಯರಿಗೆ ಯಾಕೆಂದು ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಜುಲೈಯ ಒಂದು ಸಂಜೆ ಮಳೆ ನಿಂತು ಹೊಳವಾಗಿತ್ತು. ಶೀಟಿನ ಸದ್ದಿಲ್ಲದೆ ಸ್ಟೋರಿನ ಕೂಗೆಲ್ಲ ತೋಟದ ತನಕ ಹೋಗುತ್ತಿತ್ತು.

"ಶೀಲಾ! ಶೀಲಾಗೆ ಕೊಡೇ! ಶೀಲಾ!"

ಬಾಗಿಲಲ್ಲಿ ನೆರಳು ಬಿತ್ತು. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಓಡಿಬಂದದ್ದಕ್ಕೆ ಏದುಸಿರು, ಕೈಯಲ್ಲಿ ಕತ್ತಿ ಹಾಗೇ ಇತ್ತು.

"ಕರದ್ರಾ ಮೇಡಂ?"

ಹುಡುಗಿಯರು ಆಟ ನಿಲ್ಲಿಸಿದರು. ಇಂಥ ಹೊತ್ತಿನಲ್ಲಿ ಗಂಗಾಮಣಿಗೆ ಗೊತ್ತಿದ್ದದ್ದು ಒಂದೇ, ಗದರುವುದು. "ಹೂಂ ಕಣೆ, ಕರ್ದೆ! ಎಷ್ಟು ದಿನದಿಂದ ಕರೀತಿದ್ದೀನಿ, ಈಗ ಕೇಳ್ತಾ ನಿಂಗೆ? ಕತ್ತಿ ಮೂಲೇಲಿ ಇಡು. ಸ್ಟಿಕ್ ತಗೊಂಡು ಇವಕ್ಕೆ ಹೆಂಗೆ ಆಡೋದು ತೋರ್ಸು."

ಶೀಲಾ ಕೊಪ್ಪೆ ಕಳಚಿದಳು. ಅಷ್ಟರಲ್ಲಿ ರೈಟರ್ ರಾಜೇಶ ಅವಳ ಹಿಂದೆಯೇ ಕೆಸರು ತುಳಿದುಕೊಂಡು ಅಂಗಳಕ್ಕೆ ಬಂದು, "ಏ ಗೋಡೆ! ಎಲ್ಲಿ ಹೋಗ್ಬುಟ್ಟೆ, ಏ ಗೋಡೆ!" ಎಂದು ಅರಚತೊಡಗಿದ.

ಗಂಗಾಮಣಿ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿ ನಾಲ್ಕು ಗೋಡೆ ಅವೆ ಕಣಯ್ಯ. ನಿಮ್ ಸಾವ್ಕಾರ್ರು ಕಟ್ಟಿಸಿರೋವು. ಬೇಕಾದ್ರೆ ಹೊತ್ಕೊಂಡು ಹೋಗು," ಎಂದು ಬಾಗಿಲು ಹಾಕಿ ಅಗುಳಿ ಎಳೆದಳು.