ಆ ಮನೆಗೆ ಯಾವ ಬಸ್ಸು ಹೋಗುತ್ತದೆ?

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಸಾಲೆ ವಡೆ ಕಟ್ಟಿಸಿಕೊಂಡೆ. ಸುತ್ತಿದ್ದ ಪತ್ರಿಕೆಯ ಹಾಳೆಯಲ್ಲಿ ಎಲ್ಲೋ ದೂರದ ಯುದ್ಧದ ಸುದ್ದಿ. ‘ನಾಗರಿಕರ ಸಾವು ಅನಿವಾರ್ಯ’ ಎಂದು ಯಾರೋ ಸೇನಾಧಿಕಾರಿ ಹೇಳಿದ್ದ. ವಡೆ ಸಲೀಸಾಗಿ ಇಳಿಯಿತು. ಆ ‘ಅನಿವಾರ್ಯ’ ಮಾತ್ರ ಗಂಟಲಲ್ಲೇ ನಿಂತಿತು. ಯಾಕೆಂದರೆ ಆ ಪದವನ್ನು ಒಂದು ಕಾಲದಲ್ಲಿ ಮಕ್ಕಳ ಬಾಯಿಗೆ ತುರುಕಿದವನು ನಾನೇ.

ನಾನು ಉರಿಗಾಂನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದೆ. ಕೆಲವರಿಗೆ ನಶ್ಯದ ಚಟ, ನನಗೆ ಚರ್ಚಾಸ್ಪರ್ಧೆಯ ಚಟ. ವಿಷಯ ನಾನೇ ಆರಿಸುತ್ತಿದ್ದೆ. ಪರವಾದ ಭಾಷಣ ನಾನೇ ಬರೆಯುತ್ತಿದ್ದೆ, ವಿರೋಧದ್ದೂ ನಾನೇ. ಮಕ್ಕಳು ಗಟ್ಟಿಯಾಗಿ ಓದಿದರೆ ಸಾಕಿತ್ತು. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬುದನ್ನು ವರ್ಷಗಟ್ಟಲೆ ಅರೆದು ಬೇಸತ್ತು, ಒಂದು ಸಲ ಭಾರಿ ವಿಷಯಕ್ಕೇ ಕೈಹಾಕಿದೆ: ‘ಅಮಾಯಕರ ಸಾವಿನ ಬಗ್ಗೆ ಭಯೋತ್ಪಾದಕರೂ ಸೈನ್ಯಗಳೂ ಒಂದೇ ರೀತಿ ಯೋಚಿಸುತ್ತಾರೆಯೇ?’ ಹೆಡ್‌ಮಾಸ್ಟರು ಪೂರ್ತಿ ಓದದೆ ಸಹಿ ಹಾಕಿದರು. ನನ್ನ ಅರ್ಜಿಗಳನ್ನು ಅವರು ಯಾವತ್ತೂ ಪೂರ್ತಿ ಓದಿದವರಲ್ಲ.

ತೀರ್ಪುಗಾರರು ಇಬ್ಬರು. ಕಾಮಸಮುದ್ರದ ಕಡೆಯ ನಾರಾಯಣಪ್ಪ, ಸೈನ್ಯದಲ್ಲಿ ಫಿರಂಗಿ ಹಾರಿಸಿ ಹವಾಲ್ದಾರರಾಗಿ ನಿವೃತ್ತರಾದವರು. ಮೀಸೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಇನ್ನೊಬ್ಬರು ಚಾಂಪಿಯನ್ ರೀಫ್ಸ್‌ನ ಪೆರುಮಾಳ್, ಚಿನ್ನದ ಗಣಿಯ ಆಳದಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುತ್ತಿದ್ದವರು. ಇಬ್ಬರೂ ಸಿಡಿಮದ್ದಿನ ಜನ, ವಿಷಯಕ್ಕೆ ಹೊಂದುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಸ್ಪರ್ಧೆಯ ದಿನ ಗಡಿಬಿಡಿಯಲ್ಲಿ ಇಬ್ಬರು ಹುಡುಗಿಯರ ಭಾಷಣದ ಕಾಗದಗಳು ಅದಲುಬದಲಾದವು. ಪರ ಮಾತಾಡಬೇಕಾದವಳು ವಿರೋಧ ಓದಿದಳು, ವಿರೋಧದವಳು ಪರ. ಎರಡರಲ್ಲೂ ‘ಅನಿವಾರ್ಯ’, ‘ಮಾನವೀಯತೆ’, ‘ಇತಿಹಾಸ ಕ್ಷಮಿಸದು’ ಧಾರಾಳವಾಗಿದ್ದುದರಿಂದ ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಬರೆದ ನನಗೇ ಚಪ್ಪಾಳೆ ಮುಗಿದ ಮೇಲೆ ಹೊಳೆಯಿತು.

ನಾರಾಯಣಪ್ಪನವರಿಗೆ ಮಾತ್ರ ಮೈ ಉರಿದಿತ್ತು. ಮೈಕಿನ ಮುಂದೆ ನಿಂತವರೇ, “ಮೇಷ್ಟ್ರೇ, ಆ ಕಳ್ ನನ್ಮಕ್ಳನ್ನೂ ನಮ್ಮನ್ನೂ ಒಂದೇ ಪಂಕ್ತೀಲಿ ಕೂರ್ಸಿದ್ದೀರಲ್ಲಾ?” ಎಂದರು. “ಅವ್ರು ಜನ ಜಾಸ್ತಿ ಇರೋ ಜಾಗ ಉಡುಕ್ತಾರೆ. ನಾವು ಜನ ಇಲ್ದಿರೋ ಒತ್ತು ಉಡುಕ್ತೀವಿ. ಒಂದೇನಾ ಇದು?”

ನಿಜ ಹೇಳುತ್ತೇನೆ, ನನ್ನ ಎರಡು ಭಾಷಣಗಳಲ್ಲೂ ಇಷ್ಟು ನೆಟ್ಟಗಿನ ಮಾತು ಒಂದೂ ಇರಲಿಲ್ಲ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಅದು ನಿಂತ ಮೇಲೆ ಪೆರುಮಾಳ್ ಕುರ್ಚಿಯಲ್ಲಿ ಕುಳಿತೇ ಕೇಳಿದರು: “ಅಣ್ಣಾ, ಕೋಪ ಮಾಡ್ಕೋಬೇಡ. ಗೊತ್ತಿಲ್ದೆ ಕೇಳ್ತೀನಿ. ಅಂಥ ಒತ್ತು ಸಿಗ್ಲಿಲ್ಲಾಂದ್ರೆ?”

ಮೈಕು ಒಂದು ಸಲ ಕಿರುಚಿತು. ಆಮೇಲೆ ನಾರಾಯಣಪ್ಪ ಮೆಲ್ಲಗೆ ಅಂದರು: “ಸಿಗ್ಲಿಲ್ಲಾಂದ್ರೂ... ಒಡೀತೀವಿ.”

ಪೆರುಮಾಳ್ ಗೆದ್ದವರಂತೆ ನಗಲಿಲ್ಲ. “ನಾನೂ ಒಡ್ದಿದ್ದೀನಣ್ಣಾ,” ಎಂದರು. ಸಿಡಿಸುವ ಮೊದಲು ಸೀಟಿ ಊದಬೇಕು, ತಲೆ ಎಣಿಸಬೇಕು, ಎಲ್ಲ ದಾರಿಗೂ ಕಾವಲು ನಿಲ್ಲಿಸಬೇಕು. ಒಂದು ದಿನ ಕೆಲಸ ತಡವಾಗಿತ್ತು. ಹಿಂದಿನ ಸಣ್ಣ ದಾರಿಗೆ ಕಾವಲಿರಲಿಲ್ಲ. “ಆ ಕಡೆಯಿಂದ ಯಾರಪ್ಪಾ ಬತ್ತಾರೆ ಅಂದ್ಕೊಂಡೆ. ಊಟದ ಕ್ಯಾರಿಯರ್ ಮರ್ತಿದ್ದ ಒಬ್ಬ ಕೂಲಿ ಬಂದ. ಸಾಯ್ಲಿ ಅಂತ ನಾನ್ ಮಾಡ್ಲಿಲ್ಲ. ಆದ್ರೆ ಆ ದಾರಿ ಇದೇಂತ ನಂಗ್ ಗೊತ್ತಿತ್ತು.” ಅವತ್ತೇ ಸಂಜೆ ಆ ಕೂಲಿಯ ಮನೆಗೆ ಹೋದರಂತೆ. ಹೆಂಡತಿ ಬಾಗಿಲು ತೆಗೆಯಲಿಲ್ಲ. ಮರುವಾರವೂ ತೆಗೆಯಲಿಲ್ಲ. ಮೂರನೇ ಸಲ ಕುಡಿಯಲು ನೀರು ಕೊಟ್ಟಳು. ಅಂದಿನಿಂದ ಹೋಗುತ್ತಲೇ ಇದ್ದಾರೆ. ಇದನ್ನು ಹೇಳಿ ಮುಗಿಸಿ, “ನೀನ್ ಓಗಿದ್ದಾ ಅಣ್ಣಾ?” ಎಂದು ಕೇಳಿದರು.

ನಾನು ತರಾತುರಿಯಲ್ಲಿ ಎದ್ದು ಇಬ್ಬರು ಹುಡುಗಿಯರಿಗೂ ಸಮಾನ ಬಹುಮಾನ ಘೋಷಿಸಿ, ಎಲ್ಲರಿಂದ ರಾಷ್ಟ್ರಗೀತೆ ಹಾಡಿಸಿಬಿಟ್ಟೆ. ಮೇಷ್ಟ್ರುಗಳು ಕಷ್ಟದಿಂದ ಪಾರಾಗುವ ಹಳೆಯ ದಾರಿ ಅದು.

ಸಂಜೆ ಉರಿಗಾಂ ಸ್ಟೇಷನ್ನಿನಲ್ಲಿ ನಾನೂ ನಾರಾಯಣಪ್ಪನವರೂ ಬಂಗಾರಪೇಟೆಯ ರೈಲಿಗೆ ಕಾಯುತ್ತಿದ್ದೆವು. ಕಳಿಸಿಕೊಡಲು ಪೆರುಮಾಳ್ ಬಂದಿದ್ದರು. ಇದ್ದಕ್ಕಿದ್ದಂತೆ ನಾರಾಯಣಪ್ಪ ಮಾತು ತೆಗೆದರು. ಗಡಿಯಾಚೆ ಬೆಟ್ಟದ ಮೇಲಿನ ಒಂದು ಮನೆ. ಅಲ್ಲಿ ಶತ್ರುಗಳು ಅಡಗಿದ್ದಾರೆ ಎಂದು ಅಪ್ಪಣೆ ಬಂದಿತ್ತು. ಗುಂಡು ಸರಿಯಾಗಿಯೇ ಬಿತ್ತು. ಬೆಳಿಗ್ಗೆ ದುರ್ಬೀನಿನಲ್ಲಿ ನೋಡಿದರೆ ಛಾವಣಿಯಿಲ್ಲ; ಒಬ್ಬ ಹೆಂಗಸು ಅಂಗಳದಲ್ಲಿ ಸಣ್ಣ ಸಣ್ಣ ಬಟ್ಟೆಗಳನ್ನು ಹೆಕ್ಕುತ್ತಿದ್ದಾಳೆ.

“ಕೆಲ್ಸ ಆಯ್ತು ಅಂತ ರೇಡಿಯೋದಾಗೆ ಏಳ್ದೆ. ಅಷ್ಟೇ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಓಗಿದ್ಯಾ ಅಂತ ಕೇಳ್ತಾನಲ್ಲ ಇವ್ನು. ಆ ಮನೇಗೆ ಯಾವ ಬಸ್ಸು ಓಗ್ತದೆ ಮೇಷ್ಟ್ರೇ?” ಎಂದರು. ಎಲ್ಲ ವಿಷಯಕ್ಕೂ ಎರಡು ಉತ್ತರ ಇಟ್ಟುಕೊಂಡಿದ್ದ ನಾನು ರೈಲು ಬರುವ ದಿಕ್ಕಿಗೆ ಕತ್ತು ಚಾಚಿದೆ.

ಪೆರುಮಾಳ್ ಅವರ ಕೈ ಹಿಡಿದರು. “ಅದಕ್ ಬಸ್ ಇಲ್ಲಣ್ಣಾ. ನಾನ್ ಓಗೋ ಮನೆ ಒಂದಿದೆ, ನಡ್ಕೊಂಡೇ ಓಗ್ಬೋದು. ಬತ್ತೀಯಾ?”

ರೈಲು ಬಂತು. ಹವಾಲ್ದಾರರು ಹತ್ತಲಿಲ್ಲ. ನಾನು ಹತ್ತಿದೆ. ಪೇಪರ್ ತಿದ್ದುವುದಿದೆ ಎಂದು ಕೂಗಿ ಹೇಳಿದೆ, ಅವರು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಅವರಿಬ್ಬರೂ ವರ್ಷಕ್ಕೊಮ್ಮೆ ಆ ಮನೆಗೆ ಹೋಗುತ್ತಾರೆ. ನಾನು ಈ ಕಥೆಯನ್ನು ಮದುವೆ ಮನೆಗಳಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿಕೊಂಡು ಮೆಚ್ಚುಗೆ ಗಳಿಸಿದೆ.

ವಡೆ ತಿಂದ ಮರುದಿನ ಪೆರುಮಾಳರಿಗೆ ಫೋನು ಮಾಡಿದೆ. ಅವರಿಬ್ಬರ ವಾರ್ಷಿಕ ಭೇಟಿ ಆ ಭಾನುವಾರವೇ ಇತ್ತು. ಹೋದೆ. ಗಣಿ ಕಾರ್ಮಿಕರ ಸಾಲುಮನೆ, ತಗ್ಗಿ ಒಳಹೋಗಬೇಕಾದ ಬಾಗಿಲು. ತಗ್ಗುವುದು ಗೊತ್ತಿಲ್ಲದ ನಾನು ಹಣೆ ಚಚ್ಚಿಕೊಂಡೆ. ಗಂಡನನ್ನು ಕಳೆದುಕೊಂಡ ಆಕೆ ಈಗ ಹಣ್ಣು ಮುದುಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಪೆರುಮಾಳರನ್ನು ಕೇಳಿದರು: “ಇವ್ರು ಯಾರ್ನ ಸಾಯ್ಸಿದ್ರು?”

“ಯಾರ್ನೂ ಇಲ್ಲಮ್ಮಾ. ಮೇಷ್ಟ್ರು. ನಿಮ್ ಯಜಮಾನ್ರ ಕಥೆ ಎಲ್ಲಾ ಕಡೆ ಏಳ್ತಾರೆ.”

“ಅಂಗಾ?” ಎಂದು ಅಜ್ಜಿ ನನ್ನ ಕಡೆ ತಿರುಗಿದರು. “ಅವ್ರ ಎಸ್ರೇನು, ಏಳಿ?”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ‘ಒಬ್ಬ ಕೂಲಿ’ ಎಂದೇ ಹೇಳಿಕೊಂಡು ಬಂದಿದ್ದೆ. ನಾರಾಯಣಪ್ಪ ನೆಲ ನೋಡುತ್ತಿದ್ದರು. ಪೆರುಮಾಳ್ ನನ್ನ ನೆರವಿಗೆ ಬರಲಿಲ್ಲ.

“ಏಳುಮಲೈ,” ಎಂದರು ಅಜ್ಜಿ, ಪಾಠ ಬಾರದ ಹುಡುಗನಿಗೆ ಹೇಳಿಕೊಡುವ ಹಾಗೆ. “ನೀವೂ ಏಳಿ ನೋಡಾಣ.”

ಹೇಳಿದೆ. ತಮಿಳಿನ ಆ ‘ಳು’ ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಹೇಳಿದೆ.