ಲಿಫ್ಟಿನೊಳಗೆ ಮಾವಶಿಯ ಊಟ

ಗೆಳೆಯರೇ, ಹೋದ ಜೀವ ಈಗಷ್ಟೇ ಬಂದಂತಾಯಿತು. ಇಂದು ಸಂಜೆ ಸಾಂಗಲಿಯ ನಮ್ಮ ಅಪಾರ್ಟ್‌ಮೆಂಟಿನ ಜಾಲರಿ ಬಾಗಿಲಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ನಮ್ಮ ಮಾವಶಿ, ಅಂದರೆ ಚಿಕ್ಕಮ್ಮ, ಒಬ್ಬರೇ. ಅವರಿಗೆ ಶುಗರ್ ಬೇರೆ. ನಾವು ಜೈನರು, ಹೊತ್ತು ಮುಳುಗಿದರೆ ಬೆಳಗಿನವರೆಗೆ ಊಟವಿಲ್ಲ.

ಮಿರಜದಿಂದ ಓಡಿ ಬಂದ ಮೆಕ್ಯಾನಿಕ್ ಇನ್ನೂ ಚೀಲ ಬಿಚ್ಚುತ್ತಿದ್ದ. ಒಳಗಿನಿಂದ ಮಾವಶಿ ಕೂಗಿದರು: "ಹೊತ್ತ ಮುಳಗಾಕ ಬಂತು, ಯಾರರೆ ಮೊದಲ ಚಪಾತಿ ತರ್ರಿ!"

"ಆಧಿ ಬಾಹೇರ ಯಾ, ಮಾವಶಿ!" ಮೊದಲು ಹೊರಗೆ ಬನ್ನಿ ಎಂದು ಅವನು ಮರಾಠಿಯಲ್ಲಿ ಗದರಿದ.

"ನೀ ಯಾವಾಗ ತಗೀತಿ ಯಾರಿಗ್ಗೊತ್ತು? ಸೂರ್ಯ ನಿನ್ನ ದಾರಿ ಕಾಯ್ತಾನೇನು?"

ನಾನು ಮನೆಗೆ ಓಡಿದೆ. ಚಪಾತಿಯಲ್ಲಿ ಪಲ್ಯ ಸುತ್ತಿ ತಂದು ಜಾಲರಿಯ ಸಂದಿಯಿಂದ ತೂರಿಸಿದೆ. ಪಕ್ಕದ ಮನೆಯ ಕಾಕಾ ಸ್ಟ್ರಾ ಹಾಕಿ ನೀರು ಕುಡಿಸಿದರು. ಉಳಿದವರೆಲ್ಲ ವಿಡಿಯೊ ಮಾಡಿ ಸಹಕರಿಸಿದರು.

ಕತ್ತಲಾದ ಮೇಲೆ ಲಿಫ್ಟು ಇಳಿಯಿತು. ಹೊಟ್ಟೆ ತುಂಬಿದ ಮಾವಶಿ ಆರಾಮವಾಗಿ ಹೊರಬಂದು ನನ್ನ ಮುಖ ನೋಡಿದರು.

"ನೀ ಉಂಡಿ ಇಲ್ಲೋ?"

"ಎಲ್ಲೀದು ಮಾವಶಿ? ನಿಮ್ಮನ್ನ ಉಳಸೂದ್ರಾಗ ಹೊತ್ತ ಮುಳಗಿತು."

"ಎಷ್ಟ ಸಲ ಹೇಳೇನಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತ!"

ಮಾವಶಿ ಪಾರಾದರು. ನಾಳೆ ಸೂರ್ಯ ಹುಟ್ಟುವವರೆಗೆ ಅಪಾಯದಲ್ಲಿರುವುದು ನಾನೊಬ್ಬನೇ.